ಕಂಪ್ಯೂಟರ್ ಖೋಲಿಯ ತಕರಾರು ಬುಕ್ಕು

ಆ ಹುಡುಗಿಯದು ತಪ್ಪಿರಲಿಲ್ಲ. ಕಂಪ್ಯೂಟರೂ ಕೆಟ್ಟಿರಲಿಲ್ಲ. ಆದ ತಪ್ಪನ್ನು ಆದ ಹಾಗೆ ಬರೆದಿಡುವವರು ಆ ಖೋಲಿಯಲ್ಲಿ ಒಬ್ಬರೂ ಇರಲಿಲ್ಲ, ಆದದ್ದು ಇಷ್ಟೇ. ಇಷ್ಟಕ್ಕೆ ಹತ್ತು ದಿನ ಬಡಿದಾಡಿದರು, ಮಷೀನಿಗೆ ನಿಂಬೆಹಣ್ಣು ಇಳಿಸಿದರು, ಕೊನೆಗೆ ಒಬ್ಬಳ ಅನ್ನ ಕಸಿಯುವ ಕಾಗದ ಬರೆದರು. ಅದನ್ನು ನೆನೆಸಿದರೆ ನನಗೆ ಈಗ ಸಿಟ್ಟು ಬರುವುದಿಲ್ಲ, ದಣಿವು ಬರುತ್ತದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಗಂಡ ಕಲಬುರಗಿಯ ಒಂದು ಕಾಲೇಜಿನಲ್ಲಿ ಜವಾನನಾಗಿದ್ದ. ಅವನು ಸತ್ತ ಮೇಲೆ ಅವನ ಜಾಗ ನನಗೆ ಕೊಟ್ಟರು. ಮನೆ ಕಮಲಾಪುರದಲ್ಲಿ. ದಿನಾ ಮುಂಜಾನೆ ಮೊದಲ ಬಸ್ಸು. ಬಸ್ಸಿನ ಮೇಲೆ ಕೆಂಪು ಬಾಳೆಗೊನೆ, ಒಳಗೆ ನಾವು. ಸೀಟು ಸಿಕ್ಕರೆ ಕುಳಿತು ನಿದ್ದೆ, ಸಿಗದಿದ್ದರೆ ನಿಂತು ನಿದ್ದೆ. ಸಂಜೆ ಮತ್ತೆ ಅದೇ ದಾರಿ. ನೌಕರಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಕಾಲೇಜು ನೆನಪಾಗುವುದಿಲ್ಲ, ಬಸ್ಸು ನೆನಪಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ಕಂಪ್ಯೂಟರ್ ಖೋಲಿಗೆ ಹಾಕಿದರು. ಗುಡಿಗೆ ಹಾಕಿದ ಹಾಗೇ ಇತ್ತು. ಎಲ್ಲರೂ ಚಪ್ಪಲಿ ಹೊರಗೆ ಬಿಡಬೇಕು. ಅವನ್ನು ಸಾಲಾಗಿ ಇಡುವುದು ನನ್ನ ಕೆಲಸ. ಮುಂಜಾನೆ ಮಷೀನುಗಳ ಮೇಲಿನ ಬಟ್ಟೆ ತೆಗೆಯುವುದು, ಧೂಳು ಒರೆಸುವುದು, ಊದಿನಕಡ್ಡಿ ಹಚ್ಚುವುದು, ಸಂಜೆ ಮತ್ತೆ ಬಟ್ಟೆ ಹೊದಿಸುವುದು. ಒಟ್ಟು ಎಂಟು ಮಷೀನು. ಒಂದಕ್ಕೊಂದು ವಾಯರಿನಿಂದ ಕಟ್ಟಿದ್ದರು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆಗೆದು ನೋಡಬಹುದಿತ್ತು. ಎಲ್ಲಕ್ಕೂ ದೊಡ್ಡ ಮಷೀನು ಗಾಜಿನ ಕ್ಯಾಬಿನ್ನಿನಲ್ಲಿ, ಖೋಲಿಯ ಉಸ್ತುವಾರಿ ಸರ್ ಅವರ ಮುಂದೆ.

ಸರ್ ಕೆಟ್ಟವರಲ್ಲ. ನನ್ನ ಗಂಡ ಸತ್ತಾಗ ಕಾಗದಪತ್ರಕ್ಕೆ ಓಡಾಡಿದವರು ಅವರೇ. ಆದರೆ ರಾಹುಕಾಲ ಬಿಡುತ್ತಿರಲಿಲ್ಲ. ಆ ಒಂದೂವರೆ ತಾಸು ಹೊಸ ಕೆಲಸಕ್ಕೆ ಕೈ ಹಚ್ಚರು, ಸಹಿ ಮಾಡರು, ಪೆನ್ನು ಮುಟ್ಟರು. ನಾನು ಕ್ಯಾಬಿನ್ನಿನೊಳಗೆ ಹೊಸ ಕಾಗದ ಒಯ್ಯುವ ಹಾಗಿಲ್ಲ, ಕಸ ಹೊಡೆಯುವ ಹಾಗಿಲ್ಲ, ಚಹಾ ಕೂಡ ಮುಗಿದ ಮೇಲೇ. ಹೀಗಾಗಿ ಯಾವ ವಾರ ಯಾವ ಹೊತ್ತು ಎಂಬುದು ನನಗೆ ಬಾಯಿಪಾಠ. ನಮ್ಮ ಮನೆಯಲ್ಲಿ ಪಂಚಾಂಗವಿಲ್ಲ. ಗೋಡೆಯ ಮೇಲೆ ಬುದ್ಧನ ಪಟವಿದೆ, ಅವನು ಹೊತ್ತು ಕೇಳುವುದಿಲ್ಲ. ಆದರೂ ಪರರ ರಾಹುಕಾಲ ಇಪ್ಪತ್ತು ವರ್ಷ ನಾನೇ ಕಾದೆ.

ಬಾಗಿಲ ಹತ್ತಿರ ಒಂದು ಉದ್ದನೆಯ ಬುಕ್ಕು ಮೊಳೆಗೆ ತೂಗುತ್ತಿತ್ತು. ರಟ್ಟಿನ ಮೇಲೆ 'ದೂರು ಮತ್ತು ಸಲಹೆ' ಎಂದು ಬರೆದಿತ್ತು, ನಾವೆಲ್ಲ ತಕರಾರು ಬುಕ್ಕು ಎನ್ನುತ್ತಿದ್ದೆವು. ತಾರೀಖು, ಮಷೀನಿನ ನಂಬರು, ದೂರು, ಸಲಹೆ, ಸಹಿ ಎಂದು ಮನೆಗಳು. ಮೊದಲ ಪುಟದ ಮೊದಲ ಸಾಲಿನಲ್ಲಿ ಯಾರೋ 'ಎಲ್ಲ ಚಾಲೂ ಇದೆ' ಎಂದು ಬರೆದಿದ್ದರು. ಅದರ ಕೆಳಗೆ ಮೇಲಿನಂತೆ, ಮೇಲಿನಂತೆ ಎಂದು ಎರಡೆರಡು ಗೀಟು. ಹೀಗೆ ಪುಟದ ಮೇಲೆ ಪುಟ. ಸಲಹೆಯ ಮನೆ ಪೂರಾ ಖಾಲಿ, ಒಂದು ಕಡೆ ಮಾತ್ರ 'ಫ್ಯಾನ್ ಬೇಕು' ಎಂದಿತ್ತು. ಕಾರಣ ಎಲ್ಲರಿಗೂ ಗೊತ್ತು. ದೂರು ಬರೆದವನು ಸಹಿ ಮಾಡಬೇಕು. ಸಹಿ ನೋಡಿ ಸರ್ ಕರೆಯುತ್ತಾರೆ. ಕರೆದು ಕೇಳುವ ಮೊದಲ ಮಾತು, "ನೀ ಏನ್ ಮಾಡಿದಿ ಅದಕ್ಕ?"

ಮಷೀನಿನೊಳಗಿನ ಪ್ರೋಗ್ರಾಮ್ ಬರೆದವನು ಹುಬ್ಬಳ್ಳಿ ಕಡೆಯವನು. ತಿಂಗಳಿಗೊಮ್ಮೆ ರೈಲಿಗೆ ಬಂದು ಸ್ಟೇಶನ್ ಬಜಾರದ ಲಾಡ್ಜಿನಲ್ಲಿ ಸ್ನಾನ ಮಾಡಿ, ನಾಷ್ಟಾ ಮುಗಿಸಿ, ರಿಕ್ಷಾ ಹಿಡಿದು ಬರುತ್ತಿದ್ದ. ಬಂದವನೇ ಬುಕ್ಕು ತೆಗೆದು ಗೀಟು ನೋಡಿ ನಗುತ್ತಿದ್ದ. ಒಮ್ಮೆ ನಾನು ಚಹಾ ಕೊಡುವಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನೋಡ್ರಿ, 'ಬಂದ್ ಐತಿ' ಅಂತ ಬರದ್ರ ನನಗೇನ್ ತಿಳೀಬೇಕ್ರಿ? ಮೂರು ಮಾತು ಬರೀರಿ ಸಾಕು. ನೀವು ಏನ್ ಮಾಡಿದ್ರಿ, ಏನಾಗಬೇಕಿತ್ತು, ಏನಾತು. ನಾಕನೇ ಮಾತು ಬ್ಯಾಡ. ಯಾರ ತಪ್ಪು ಅಂತ ಬರೀಬ್ಯಾಡ್ರಿ, ಅದನ್ನ ನಾ ಹುಡುಕ್ತೀನಿ."

ಎಲ್ಲರೂ ತಲೆ ಆಡಿಸಿದರು. ಮರುದಿನ ಬುಕ್ಕಿನಲ್ಲಿ ಎರಡು ಗೀಟು. ಅವನ ಮಾತು ಕಿವಿಗೆ ಬಿದ್ದು ಉಳಿದದ್ದು ನನಗೇ ಇರಬೇಕು. ಎಮ್ಮೆಗೆ ಜಡ್ಡಾದಾಗ ದನದ ಡಾಕ್ಟರೂ ಇದನ್ನೇ ಕೇಳುತ್ತಾನಲ್ಲ, ಏನು ತಿಂತು, ಯಾವಾಗಿನಿಂದ ಹೀಗೆ ಎಂದು. ಈಗ ಮೊಮ್ಮಗಳು ಫೋನು ಹಿಡಿದು "ಆಯಿ, ಇದು ಆಗವಲ್ದು" ಎಂದು ಅತ್ತರೂ ನಾನು ಆ ಮೂರು ಮಾತೇ ಕೇಳುತ್ತೇನೆ. ಅವಳಿಗೆ ಸಿಟ್ಟು ಬರುತ್ತದೆ. ಬರಲಿ.

ಕಿಟಕಿಯ ಪಕ್ಕದ ಮಷೀನಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಪರೀಕ್ಷೆಗೆ ಕೂರುವವರ ಫಾರಂ ನೋಡಿ ಮಷೀನಿಗೆ ಹೊಡೆಯುವುದು ಅವಳ ಕೆಲಸ. ಶಹಾಬಜಾರದ ಗಲ್ಲಿಯವಳು. ಮನೆಯಲ್ಲಿ ಮರಾಠಿಯೂ ನಡೆಯುತ್ತಿತ್ತು, ಅದಕ್ಕೇ ನನ್ನನ್ನು ಚಿಕ್ಕಮ್ಮ ಎನ್ನದೆ ಮಾವಶಿ ಎನ್ನುತ್ತಿದ್ದಳು. ತಂದೆ ಮನೆಮನೆಗೆ ಹೋಗಿ ಪೂಜೆ ಮಾಡಿಸುತ್ತಿದ್ದವರು. ಕಣ್ಣಿಗೆ ಪೊರೆ ಬಂದು ಮಂತ್ರ ಉಳಿದಿತ್ತು, ದಾರಿ ಕಾಣುತ್ತಿರಲಿಲ್ಲ. ಆ ಮನೆಯ ಒಲೆ ಉರಿಯುತ್ತಿದ್ದುದು ಇವಳ ನೌಕರಿಯ ಮೇಲೆ. ನೌಕರಿಯೋ, ತಿಂಗಳು ತಿಂಗಳು ಮುಂದುವರಿಸುವಂಥದ್ದು. ಸರ್ ಒಂದು ಕಾಗದ ಬರೆದರೆ ಮುಗಿಯಿತು.

ಹುಡುಗಿ ಒಂದು ಫಾರಂ ಹೊಡೆದಾದ ಮೇಲೆ ಅದರ ಮೇಲೆ ತಾರೀಖಿನ ಮುದ್ರೆ ಒತ್ತಿ, ಕೆಂಪು ಪೆನ್ಸಿಲಿನಿಂದ ಗುರುತು ಮಾಡಿ ಎಡಕ್ಕೆ ಇಡುತ್ತಿದ್ದಳು. ಪ್ರತಿ ಪಿರಿಯಡ್ಡಿನ ಗಂಟೆ ಹೊಡೆದಾಗ ನಾನು ಹೋಗಿ ಆದಷ್ಟನ್ನು ಸುತಳಿಯಿಂದ ಕಟ್ಟಿ ಹಿಂದಿನ ಖೋಲಿಯಲ್ಲಿ ಒಂದರ ಮೇಲೊಂದು ಒಟ್ಟುತ್ತಿದ್ದೆ. ಹೀಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹೊಲದಲ್ಲಿ ಜೋಳದ ಕಣಕಿ ಸಿವುಡು ಕಟ್ಟಿದ ಕೈ ಇದು, ಬಿಡಿ ಬಿದ್ದದ್ದನ್ನು ನೋಡಲಾರದು.

ಒಂದು ಸೋಮವಾರ ಮಷೀನಿನಿಂದ ಪಟ್ಟಿ ಅಚ್ಚು ಹಾಕಿಸಿದರು. ಉದ್ದ ಕಾಗದ ಕರಕರ ಎಂದು ಹೊರಗೆ ಬಂತು. ತಾಳೆ ನೋಡಿದರೆ ಎಷ್ಟೋ ಹೆಸರುಗಳಿಲ್ಲ. ಹಿಂದಿನ ವಾರವೂ ಹೀಗೇ ಆಗಿತ್ತು. ಆಗ ಹುಡುಗಿ ಬಿಟ್ಟವನ್ನು ಮತ್ತೆ ಹೊಡೆದಿದ್ದಳು, ಸರ್ ಮಷೀನಿಗೆ ನಿಂಬೆಹಣ್ಣು ಇಳಿಸಿ ಒಡೆಸಿದ್ದರು. ಈಗ ಬೇರೆ ಹೆಸರು ಹೋಗಿದ್ದವು. ಹೆಸರಿಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ. ಸರ್ ಗಾಬರಿಯಾದರು. ಗಾಬರಿಯಾದವರಿಗೆ ಒಬ್ಬ ತಪ್ಪಿತಸ್ಥ ಬೇಕು.

"ಫಾರಂ ಮ್ಯಾಲ ಗುರ್ತ ಮಾಡ್ತೀರಿ, ಹೊಡಿಯಂಗಿಲ್ಲ. ಇದಕ್ಕ ಏನಂತಾರ? ನಿಷ್ಕಾಳಜಿ."

"ಹೊಡ್ದೀನ್ರಿ ಸರ್. ದೇವರ ಆಣಿ, ಹೊಡ್ದೀನಿ."

"ಹಂಗಾರ ಮಷೀನ್ ತಿಂತೇನು?"

ಹೋದ ಫಾರಂ ಹುಡುಕಿ ತರಲು ಮರುದಿನ ನನ್ನನ್ನು ಹಿಂದಿನ ಖೋಲಿಗೆ ಕಳಿಸಿದರು. ಇಲ್ಲದ ಹೆಸರುಗಳ ಚೀಟಿ ಹಿಡಿದು ನೆಲಕ್ಕೆ ಕುಳಿತು ಒಂದೊಂದೇ ಕಟ್ಟು ಬಿಚ್ಚಿದೆ. ಮೊದಲು ಶುಕ್ರವಾರದ್ದು. ಮೊದಲ ಕಟ್ಟಿನಲ್ಲಿ ಚೀಟಿಯ ಹೆಸರು ಒಂದೂ ಇಲ್ಲ. ಎರಡನೆಯದು, ಮೂರನೆಯದು, ಎರಡೂ ಕಟ್ಟಿನ ಹೆಸರು ಪೂರಾ ಚೀಟಿಯಲ್ಲಿದ್ದವು. ನಾಲ್ಕನೆಯದರಿಂದ ಮತ್ತೆ ಎಲ್ಲ ಸರಿ. ನಿಷ್ಕಾಳಜಿ ಎಂದರೆ ಇಲ್ಲೊಂದು ಅಲ್ಲೊಂದು ಬಿಡಬೇಕು. ಹುಳ ತಿಂದ ಹೊಲ ಹಾಗೆ ಇರುತ್ತದೆ. ಇದು ಕುಡುಗೋಲಿನಿಂದ ಕೊಯ್ದ ಹಾಗೆ, ಒಂದೇ ಪಟ್ಟೆ. ಬುಧವಾರದ ಪಟ್ಟೆ ಮಧ್ಯಾಹ್ನದಲ್ಲಿ, ಗುರುವಾರದ್ದು ಅದರಾಚೆ. ಮಂಗಳವಾರದ್ದು ಸಂಜೆಗೆ ಸಮೀಪ. ಸೋಮವಾರ, ಶನಿವಾರದ ಕಟ್ಟುಗಳು ಇದ್ದ ಹಾಗೇ ಇದ್ದವು.

ನನಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಬುಧವಾರ ಹನ್ನೆರಡರಿಂದ ಒಂದೂವರೆ. ಗುರುವಾರ ಒಂದೂವರೆಯಿಂದ ಮೂರು. ಮಂಗಳವಾರ ಮೂರರಿಂದ ನಾಲ್ಕೂವರೆ. ಸೋಮವಾರದ್ದು ಕಾಲೇಜು ತೆರೆಯುವ ಮುಂಚೆಯೇ ಮುಗಿದಿರುತ್ತದೆ. ಶನಿವಾರ ನಾವು ಬರುವಾಗಲೇ ನಡೆದಿರುತ್ತದೆ, ಸರ್ ಏನನ್ನೂ ತೆರೆಯುವುದಿಲ್ಲ. ನಾನು ಚಹಾ ಹಿಡಿದು ಬಾಗಿಲಲ್ಲಿ ಕಾಯುವ ಹೊತ್ತುಗಳು ಇವು.

ಶುರುವಾದ ಕೆಲಸಕ್ಕೆ ರಾಹು ಹತ್ತುವುದಿಲ್ಲ ಎಂದು ಸರ್ ನಂಬಿದ್ದರು. ಅದಕ್ಕೇ ರಾಹುಕಾಲಕ್ಕೆ ಐದು ಮಿನಿಟು ಮುಂಚೆ ತಮ್ಮ ಮಷೀನಿನಲ್ಲಿ ಪಟ್ಟಿ ತೆರೆದಿಟ್ಟು ಕೈ ಕಟ್ಟಿ ಕೂರುತ್ತಿದ್ದರು. ಹೊತ್ತು ಮುಗಿದೊಡನೆ ಒಂದು ಗುಂಡಿ ಒತ್ತಿ, ಬೆರಳು ಕಣ್ಣಿಗೆ ಒತ್ತಿಕೊಂಡು, ಪಟ್ಟಿ ಮುಚ್ಚುತ್ತಿದ್ದರು. ಬರೆದದ್ದನ್ನು ಉಳಿಸುವ ಗುಂಡಿ ಅದು. ಉಳಿಸದೆ ಏಳಬಾರದು ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರಂತೆ.

ಹೋಗಿ ಹೇಳಿದೆ. "ಸರ್, ಹ್ವಾದ ಫಾರಂ ಎಲ್ಲಾ ಒಂದ ಕಡಿ ಕೂಡ್ಯಾವ್ರಿ. ಒಂದ ಹೊತ್ತಿನವ ಅದಾವ."

"ನಿನಗ ಏನ್ ತಿಳೀತದ ಬಾಯಿ. ಚಾ ತಗೊಂಬಾ."

ಚಹಾ ತಂದುಕೊಟ್ಟೆ.

ಬುಧವಾರ ಹುಡುಗಿಗೆ ಹೇಳಿದೆ, "ಹನ್ನೆರಡರ ಮ್ಯಾಲ ಹೊಡದಿದ್ದು ಬ್ಯಾರೆ ಇಡು. ಒಂದಕ್ಕ ಒಮ್ಮೆ ನೋಡು, ಸರ್ ಊಟಕ್ಕ ಹ್ವಾದ ಮ್ಯಾಲ ಒಮ್ಮೆ ನೋಡು." ಯಾಕೆ ಎಂದಳು. ನೋಡು ಎಂದೆ. ಒಂದಕ್ಕೆ ಎಲ್ಲ ಹೆಸರೂ ಇದ್ದವು. ಒಂದೂವರೆಗೆ ಸರ್ ಗುಂಡಿ ಒತ್ತಿ, ಚಪ್ಪಲಿ ಮೆಟ್ಟಿ ಊಟಕ್ಕೆ ಹೋದರು. ಹುಡುಗಿ ಮತ್ತೆ ತೆಗೆದಳು. ಬೇರೆ ಇಟ್ಟಿದ್ದರಲ್ಲಿ ಒಂದು ಹೆಸರೂ ಇರಲಿಲ್ಲ. ಅವಳ ಕೈ ಗುಂಡಿಗಳ ಮೇಲೆ ಹಾಗೇ ನಿಂತಿತು.

"ಬುಕ್ಕಿನಾಗ ಬರಿ," ಎಂದೆ.

"ಬ್ಯಾಡ್ರಿ ಮಾವಶಿ. ಸರ್ ಮ್ಯಾಲ ಬರದಂಗ ಆಗ್ತದ. ನಾಳಿ ಹೋಗೂ ನೌಕರಿ ಇವತ್ತೇ ಹೋಗ್ತದ."

"ಹಂಗಾರ ಸುಮ್ಮ ಕೂಡ್ರು. ಅಳಬ್ಯಾಡ ಮತ್ತ. ಅತ್ರ ಮಷೀನಿಗಿ ಕೇಳಂಗಿಲ್ಲ."

ಅಂದೇ ಸಂಜೆ ಐದಕ್ಕೆ ಸರ್ ಕ್ಯಾಬಿನ್ನಿನಿಂದ ಹೊರಬಂದು ಎಲ್ಲರೆದುರಿಗೆ ಅವಳಿಗೆ ಹೇಳಿದರು. "ನಾಳಿ ಒಂದ್ ದಿನ ಬರ್ರಿ. ಶುಕ್ರವಾರದಿಂದ ಬ್ಯಾಡ. ಹುಡುಗರ ವರ್ಷ ಹಾಳ ಮಾಡೂದು ಆಟ ಅಲ್ಲ." ಹೇಳುವಾಗ ಅವಳ ಮುಖ ನೋಡಲಿಲ್ಲ. ಕಾಗದ ನನ್ನ ಕೈಗೆ ಕೊಟ್ಟರು. "ನಾಳಿ ಮುಂಜಾನಿ ದೊಡ್ಡ ಆಫೀಸಿಗಿ ಮುಟ್ಟಸು." ಟಪಾಲು ಒಯ್ಯುವುದೂ ನನ್ನ ಕೆಲಸವೇ. ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ.

ಹುಡುಗಿ ಹೋದಳು, ಸರ್ ಹೋದರು. ನಾನು ಮಷೀನುಗಳಿಗೆ ಬಟ್ಟೆ ಹೊದಿಸಿ, ಮೊಳೆಯಿಂದ ಬುಕ್ಕು ಇಳಿಸಿದೆ. ಈಗ ಅವಳಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ನನ್ನದು ಪಕ್ಕಾ ನೌಕರಿ, ಬಹಳವೆಂದರೆ ಬೇರೆ ಖೋಲಿಗೆ ಹಾಕುತ್ತಾರೆ, ಕಸ ಎಲ್ಲ ಖೋಲಿಯಲ್ಲೂ ಇರುತ್ತದೆ. ಸೊಟ್ಟ ಅಕ್ಷರದಲ್ಲಿ ದೂರಿನ ಮನೆಯಲ್ಲಿ ಬರೆದೆ. ಮನೆ ಸಾಲಲಿಲ್ಲ, ಕೆಳಗಿನ ನಾಲ್ಕು ಸಾಲೂ ಹಿಡಿದೆ.

'ಏನು ಮಾಡಿದರು: ಬುಧವಾರ ಹನ್ನೆರಡಕ್ಕೆ ಐದು ಮಿನಿಟು ಇರುವಾಗ ಸರ್ ತಮ್ಮ ಮಷೀನಿನಲ್ಲಿ ಪಟ್ಟಿ ತೆರೆದರು. ಕಿಟಕಿ ಮಷೀನಿನಲ್ಲಿ ಹುಡುಗಿ ಫಾರಂ ಹೊಡೆದಳು. ಒಂದೂವರೆಗೆ ಸರ್ ಉಳಿಸುವ ಗುಂಡಿ ಒತ್ತಿ ಮುಚ್ಚಿದರು. ಏನಾಗಬೇಕಿತ್ತು: ಹೊಡೆದ ಫಾರಂ ಇರಬೇಕಿತ್ತು. ಏನಾಯಿತು: ಹನ್ನೆರಡರ ಮೇಲಿನದು ಒಂದೂ ಇಲ್ಲ. ಮಂಗಳ, ಬುಧ, ಗುರು, ಶುಕ್ರ ರಾಹುಕಾಲದಲ್ಲಿ ಹೀಗೇ ಆಗುತ್ತದೆ. ಕಟ್ಟುಗಳು ಹಿಂದಿನ ಖೋಲಿಯಲ್ಲಿವೆ, ನೋಡಬಹುದು.'

ಸಲಹೆಯ ಮನೆಯಲ್ಲಿ ಬರೆದೆ: 'ಒಬ್ಬರು ಒಳಗೆ ಇದ್ದಾಗ ಇನ್ನೊಬ್ಬರಿಗೆ ಬಾಗಿಲು ಹಾಕಿರಬೇಕು.' ಸಹಿ ಮಾಡಿದೆ. ಆ ದಿನ ಐದೂಮುಕ್ಕಾಲರ ಬಸ್ಸು ತಪ್ಪಿತು.

ಗುರುವಾರ ಮುಂಜಾನೆ ಕಾಗದ ಒಯ್ಯಬೇಕಿತ್ತು. ಒಯ್ಯಲಿಲ್ಲ. ಮೊಣಕಾಲು ನೋವು ಎಂದೆ. ಮೊಣಕಾಲು ನೋಯುತ್ತಿದ್ದುದು ಸುಳ್ಳಲ್ಲ. ಹನ್ನೊಂದಕ್ಕೆ ಪ್ರೋಗ್ರಾಮಿನವನು ಬಂದ. ಅಭ್ಯಾಸದಂತೆ ಬುಕ್ಕು ತೆಗೆದ. ಈ ಸಲ ನಗಲಿಲ್ಲ. ನಿಂತಲ್ಲೇ ಎರಡು ಸಲ ಓದಿದ.

"ಇದನ್ನ ಯಾರ್ ಬರದಾರ್ರಿ?"

ಸರ್ ಬಂದು ಓದಿದರು. ಕಿವಿ ಕೆಂಪಾಯಿತು. "ನನ್ನ ರಾಹುಕಾಲ ನಿನಗ್ಯಾಕ ಬೇಕಾಗಿತ್ತು ಬಾಯಿ? ಅದನ್ನ ಬುಕ್ಕಿನಾಗ ಬರೀತಾರೇನು?"

"ನನಗ ಬ್ಯಾಡ್ರಿ ಸರ್. ಫಾರಂ ಹೋಗೂ ಹೊತ್ತು ಬರದೀನಿ. ಅದಕ್ಕ ಹೆಸ್ರು ಅದ, ನಾ ಏನ್ ಮಾಡ್ಲಿ?"

ಪ್ರೋಗ್ರಾಮಿನವನು ನಡುವೆ ಬಂದ. ಹಿಂದೆ ಬಂದಾಗಲೆಲ್ಲ ಅವನು ಕಿಟಕಿ ಮಷೀನಿಗೆ ಕೂರುತ್ತಿದ್ದ, ಸರ್ ಮರ್ಯಾದೆಗೆ ಅವನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಕ್ಯಾಬಿನ್ನು ಖಾಲಿ. ಹೀಗಾಗಿ ಅವನೆದುರು ಒಂದು ಸಲವೂ ಫಾರಂ ಹೋಗಿರಲಿಲ್ಲ. "ಸರ, ನೀವು ಇಲ್ಲಿ ನಿಂದ್ರಬ್ಯಾಡ್ರಿ. ನಿಮ್ಮ ಜಾಗಾದಾಗ ಕುಂತು ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ," ಎಂದ. ಗುರುವಾರ ರಾಹುಕಾಲ ಒಂದೂವರೆಗೆ. ಸರ್ ಒಂದೂ ಇಪ್ಪತ್ತೈದಕ್ಕೇ ಪಟ್ಟಿ ತೆರೆದು ಕೈ ಕಟ್ಟಿದರು. ಹುಡುಗಿ ಐದು ಫಾರಂ ಹೊಡೆದಳು. ಮೂರರ ತನಕ ಯಾರೂ ಎದ್ದು ಹೋಗಲಿಲ್ಲ. ಸರ್ ಗುಂಡಿ ಒತ್ತಿ ಬೆರಳು ಕಣ್ಣಿಗೆ ಒತ್ತಿಕೊಂಡರು. ಐದೂ ಹೆಸರು ಹೋದವು.

ಅವನು ಹಣೆ ಹಣೆ ಬಡಿದುಕೊಂಡ. "ಸರ ಪಟ್ಟಿ ತೆಗದಾಗ ಅದರ ನಕಲು ಅವರ ಮಷೀನಿಗೆ ಬರತೈತಿ. ಇವರು ಇಲ್ಲಿ ಅಸಲಿಗೆ ಹೊಸಾ ಹೆಸ್ರು ಸೇರಸ್ತಾರ. ಸರ ಉಳಿಸಿದ್ರ ಆ ಹಳೇ ನಕಲು ಅಸಲಿನ ಮ್ಯಾಲ ಬಂದು ಕುಂದರತೈತಿ. ಇವರದೆಲ್ಲಾ ಅಳಿಸಿ ಹೋತು. ಇದು ಸರದೂ ತಪ್ಪಲ್ಲ, ಇವರದೂ ತಪ್ಪಲ್ಲ. ನಂದು." ಹಾಗೆ ಹೇಳಿದವರನ್ನು ಆ ಕಾಲೇಜಿನಲ್ಲಿ ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ನನ್ನ ಕಡೆ ತಿರುಗಿದ. "ಅಲ್ರೀ ಅವ್ವಾರ, ಬಾಗಿಲಾ ಹಾಕೂದು ನಿಮಗ ಹೆಂಗ ಹೊಳೀತ್ರಿ?"

"ಬಸ್ ಸ್ಟ್ಯಾಂಡಿನ ಸಂಡಾಸಿಗಿ ಸುದ್ದಾ ಒಳಗ ಚಿಲಕ ಇರ್ತದರಿ. ನಿಮ್ಮ ಪಟ್ಟಿಗಿ ಇಲ್ಲ."

ಅವನು ಕುರ್ಚಿ ಹಿಡಿದು ನಕ್ಕ. ಹುಡುಗಿಯೂ ನಕ್ಕಳು, ಸರ್ ಕಡೆ ನೋಡಿ ನಿಲ್ಲಿಸಿದಳು. ಐದರೊಳಗೆ ಅವನು ಚಿಲಕ ಮಾಡಿದ. ಒಬ್ಬರು ಪಟ್ಟಿ ತೆರೆದಿದ್ದರೆ ಇನ್ನೊಬ್ಬರಿಗೆ ಮಷೀನು 'ಕಾಯಿರಿ' ಎನ್ನತೊಡಗಿತು. ಬುಕ್ಕಿನಲ್ಲಿ 'ಸುಧಾರಣೆ ಮಾಡಲಾಗಿದೆ' ಎಂದು ಒಂದು ಸಾಲು ಬರೆದು ರೈಲಿಗೆ ಹೋದ.

ಹುಡುಗಿ ಡಬ್ಬಿಯ ಚೀಲ ಹಿಡಿದು ಕ್ಯಾಬಿನ್ನಿನ ಹೊರಗೆ ನಿಂತಳು. ಸರ್ ಏನಾದರೂ ಹೇಳುತ್ತಾರೆ ಎಂದು ಅವಳಿಗಿತ್ತು, ನನಗೂ ಇತ್ತು. ಸರ್ ಕನ್ನಡಕ ಒರೆಸಿಕೊಂಡರು. ಬ್ಯಾಗು ತೆಗೆದುಕೊಂಡರು. "ಬಟ್ಟಿ ಹೊದ್ಸು," ಎಂದು ನನಗೆ ಹೇಳಿ ಹೋದರು. ಹುಡುಗಿ ಐದು ಮಿನಿಟು ನಿಂತು ತಾನೂ ಹೋದಳು. ತಪ್ಪು ಮಷೀನಿನಿಂದ ಹೋಗಿತ್ತು. ಕಾಗದ ಮಾತ್ರ ನನ್ನ ಚೀಲದಲ್ಲಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಆ ದಿನ ನಿದ್ದೆ ಬರಲಿಲ್ಲ.

ಮರುದಿನ ಶುಕ್ರವಾರ. ಮೊದಲ ಬಸ್ಸಿಗೇ ಬಂದೆ. ಕಸ ಹೊಡೆದೆ, ಬಟ್ಟೆ ತೆಗೆದೆ, ಊದಿನಕಡ್ಡಿ ಹಚ್ಚಿದೆ. ಹತ್ತೂ ಕಾಲಿಗೆ ಸರ್ ಬಂದು ಕುಳಿತರು. ಕಾಗದವನ್ನು ಅವರ ಮುಂದೆ ಇಟ್ಟೆ.

"ಇದು ಇನ್ನಾ ಮುಟ್ಟಿಲ್ಲೇನು?"

"ಇಲ್ರಿ. ಮೊಣಕಾಲು ನೋವು."

ಸರ್ ಕಾಗದ ನೋಡಿದರು, ಗೋಡೆಯ ಗಡಿಯಾರ ನೋಡಿದರು.

"ಇನ್ನ ಹತ್ತು ಮಿನಿಟು ಅದಾವ್ರಿ ಸರ್. ಆಮ್ಯಾಲ ಹನ್ನೆರಡರ ತನಕ ನೀವು ಪೆನ್ನು ಮುಟ್ಟಂಗಿಲ್ಲ."

ಕಾಗದವನ್ನು ಮೊದಲಿನಿಂದ ಕೊನೆಯ ತನಕ ಎರಡು ಸಲ ಓದಿದರು. ಆಮೇಲೆ ಕಾಗದಕ್ಕೆ ಅಡ್ಡಗೀಟು ಎಳೆದು 'ರದ್ದು' ಎಂದು ಬರೆದು ಸಹಿ ಮಾಡಿದರು. ಹತ್ತೂವರೆಗೆ ಇನ್ನೂ ಎರಡು ಮಿನಿಟು ಇತ್ತು. "ಕರ್ಕೊಂಬಾ ಆಕಿಗಿ," ಎಂದರು. ನಾನು ಚಪ್ಪಲಿ ಮೆಟ್ಟಿ ಶಹಾಬಜಾರಕ್ಕೆ ನಡೆದೆ. ಗಲ್ಲಿಯ ಮನೆಯ ಹೊಸ್ತಿಲ ಹತ್ತಿರ ಹುಡುಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಏಳು. ಫಾರಂ ಹಂಗೇ ಬಿದ್ದಾವ," ಎಂದೆ.

ಅವಳು ಎದ್ದಳು. ಒಳಗಿನಿಂದ ಕಣ್ಣು ಕಾಣದ ತಂದೆಯ ದನಿ ಬಂತು. "ಶುಕ್ರವಾರ ಅದವ್ವಾ. ಹನ್ನೆರಡು ಹೊಡೀಲಿ, ಆಮ್ಯಾಲ ಹೊಸ್ತಿಲಾ ದಾಟು."

ಹುಡುಗಿ ನನ್ನ ಮುಖ ನೋಡಿದಳು. ಹನ್ನೆರಡಾಗುವ ತನಕ ಅವರ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತೆ. ಮೊಣಕಾಲಿಗೆ ಅದು ಬೇಕಾಗಿತ್ತು.